ಆಟಿ ಕಳೆಯುವಷ್ಟರಲ್ಲಿ ತೊಟ್ಟೆ ಹರಿದದ್ದು ಯಾಕೆ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರ ಐದು ಜನ ಹೆಂಗಸರು ಸೇರಿ ಸಣ್ಣ ಸಮಾರಂಭಗಳಿಗೆ ಅಡುಗೆ ಮಾಡಿಕೊಡುತ್ತೇವೆ. ಊಟದ ಎಲೆ, ಉಳಿದ ಅನ್ನ, ಪಲ್ಯ ತುಂಬಲು ಪ್ಲಾಸ್ಟಿಕ್ ಬೇಡ ಅಂತ ಜನವರಿಯಲ್ಲಿ 10 ಕಿಲೋ ಕಾಂಪೋಸ್ಟೆಬಲ್ ತೊಟ್ಟೆ, ಅಂದರೆ ಗೊಬ್ಬರವಾಗುವ ಚೀಲ, ಒಟ್ಟಿಗೇ ತಂದೆವು. ಮೇ ತಿಂಗಳ ತನಕ ಏನೂ ತೊಂದರೆ ಇರಲಿಲ್ಲ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಸಮಾರಂಭ ಇಲ್ಲ. ಉಳಿದ ತೊಟ್ಟೆಗಳನ್ನು ತಗಡಿನ ಮಾಡಿನ ಸಾಮಾನು ಕೋಣೆಯಲ್ಲಿ ಇಟ್ಟಿದ್ದೆವು. ಅದರ ಮುಂದಿನ ತಿಂಗಳು, ಸೋಣದಲ್ಲಿ, ಒಂದು ಗೃಹಪ್ರವೇಶಕ್ಕೆ ಬಿಚ್ಚಿದರೆ ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು. ಚೆನ್ನಾಗಿ ಕಂಡದ್ದರಲ್ಲಿ ಎಲೆ ತುಂಬಿ ಎತ್ತಿದ ಕೂಡಲೇ ಅಡಿ ಬಿಟ್ಟು ಎಲ್ಲ ಅಂಗಳಕ್ಕೆ ಬಿತ್ತು. ಆ ಮನೆಯವರ ಎದುರು ತಲೆ ತಗ್ಗಿಸುವ ಹಾಗಾಯಿತು. ನಮಗೆ ಕೊಟ್ಟದ್ದು ಹಳೆಯ ಮಾಲಾ, ನಕಲಿಯಾ? ಇವು ಎಷ್ಟು ಸಮಯ ಬಾಳಿಕೆ ಬರುತ್ತವೆ? ಹೇಗೆ ಇಡಬೇಕು? ಉಳಿದದ್ದನ್ನು ತೋಟದ ಗೊಬ್ಬರ ಗುಂಡಿಗೆ ಹಾಕಬಹುದಾ?

ಉತ್ತರ: ನಿಮ್ಮ ಪತ್ರ ಓದಿ ನನಗೂ ಬೇಸರವಾಯಿತು. ಒಳ್ಳೆಯ ಕೆಲಸ ಮಾಡಲು ಹೊರಟವರಿಗೆ ಹೀಗಾಗಬಾರದಿತ್ತು. ಆದರೆ ಮೊದಲು ಒಂದು ಸಮಾಧಾನದ ಮಾತು. ನೀವು ಹೇಳಿದ ಲಕ್ಷಣ ನೋಡಿದರೆ ಆ ತೊಟ್ಟೆಗಳು ಹೆಚ್ಚಾಗಿ ಅಸಲಿಯೇ. ಮಾಮೂಲಿ ಪ್ಲಾಸ್ಟಿಕ್ ತೊಟ್ಟೆ ಆಗಿದ್ದರೆ ಏಳು ತಿಂಗಳಲ್ಲಿ ಮುಚ್ಚಿದ ಕೋಣೆಯೊಳಗೆ ಹೀಗೆ ಹಾಳಾಗುತ್ತಿರಲಿಲ್ಲ. ಏಪ್ರಿಲ್, ಮೇಯ ಸೆಕೆ ಮತ್ತು ಜೂನ್, ಜುಲೈಯ ಥಂಡಿ (ತೇವ) ಎರಡೂ ಸೇರಿ ಅವನ್ನು ಒಳಗಿಂದೊಳಗೇ ಕಡಿದಿವೆ.

ಈ ತೊಟ್ಟೆ ಯಾವುದರಿಂದ ಆಗಿದೆ ಅಂತ ತಿಳಿದರೆ ಇಡುವ ಕ್ರಮವೂ ತಾನಾಗಿ ಗೊತ್ತಾಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಕಾಂಪೋಸ್ಟೆಬಲ್ ತೊಟ್ಟೆಗಳಲ್ಲಿ ಎರಡು ಮೂರು ವಸ್ತುಗಳ ಮಿಶ್ರಣ ಇರುತ್ತದೆ. ಒಂದು ಪಿಎಲ್‌ಎ. ಮೆಕ್ಕೆಜೋಳ, ಕಬ್ಬು, ಮರಗೆಣಸು ಇಂಥವುಗಳ ಸಕ್ಕರೆಯನ್ನು ಹುಳಿ ಬರಿಸಿ ಮಾಡುವ ವಸ್ತು ಇದು. ಸ್ವಲ್ಪ ಗಡಸು. ಇನ್ನೊಂದು ಪಿಬಿಎಟಿ. ಇದು ರಬ್ಬರಿನ ಹಾಗೆ ಎಳೆಯಲು ಬರುತ್ತದೆ, ತೊಟ್ಟೆಗೆ ಬಾಗುವ ಗುಣ ಕೊಡುತ್ತದೆ. ಇದನ್ನು ಹೆಚ್ಚಾಗಿ ಪೆಟ್ರೋಲಿಯಂ ಮೂಲದಿಂದಲೇ ಮಾಡುತ್ತಾರೆ, ಆದರೂ ಸೂಕ್ಷ್ಮಜೀವಿಗಳು ಇದನ್ನು ತಿನ್ನಬಲ್ಲವು. ಕೆಲವು ತೊಟ್ಟೆಗಳಲ್ಲಿ ಪಿಷ್ಟವೂ ಇರುತ್ತದೆ, ಅಂದರೆ ನಮ್ಮ ಗಂಜಿಯಲ್ಲಿರುವ ಅದೇ ಪಿಷ್ಟ.

ಪಿಎಲ್‌ಎ, ಪಿಬಿಎಟಿ ಎರಡೂ ಉದ್ದುದ್ದ ಸರಪಳಿಗಳು. ಕೊಂಡಿಗೆ ಕೊಂಡಿ ಸೇರಿಸಿದ ಜಾಗದಲ್ಲಿ ನೀರು ತಾಗಿದರೆ ಕೊಂಡಿ ಕಳಚುತ್ತದೆ. ನೀರು ಅಂದರೆ ಮಳೆಯ ಹನಿಯೇ ಆಗಬೇಕಾಗಿಲ್ಲ. ಗಾಳಿಯಲ್ಲಿರುವ ತೇವವೇ ಸಾಕು. ಬಿಸಿ ಇದ್ದರೆ ಈ ಕೆಲಸ ಬೇಗ ಬೇಗ ಆಗುತ್ತದೆ. ಇಂಥ ಕ್ರಿಯೆಗಳಲ್ಲಿ 10 ಡಿಗ್ರಿ ಬಿಸಿ ಏರಿದರೆ ವೇಗ ಸುಮಾರು ಎರಡು ಪಟ್ಟು ಆಗುತ್ತದೆ ಎಂಬುದು ಸ್ಥೂಲ ಲೆಕ್ಕ. ಇನ್ನೂ ಒಂದು ಸಂಗತಿ ಇದೆ. ಸರಪಳಿ ತುಂಡಾದ ಜಾಗದಲ್ಲಿ ಸ್ವಲ್ಪ ಆಮ್ಲ ಗುಣ ಹುಟ್ಟುತ್ತದೆ. ಆ ಆಮ್ಲ ಪಕ್ಕದ ಕೊಂಡಿಯನ್ನೂ ಬಿಡಿಸಲು ಸಹಾಯ ಮಾಡುತ್ತದೆ. ಹಾಗಾಗಿ ತೊಟ್ಟೆ ದಿನಕ್ಕಿಷ್ಟು ಅಂತ ಸಮಾನವಾಗಿ ಸೋಲುವುದಿಲ್ಲ. ತಿಂಗಳುಗಟ್ಟಲೆ ಸರಿಯಾಗಿಯೇ ಇರುತ್ತದೆ, ಆಮೇಲೆ ಕೆಲವೇ ವಾರಗಳಲ್ಲಿ ಕೈಬಿಡುತ್ತದೆ. ಬಣ್ಣ ಹಾಗೇ, ಹೊಳಪೂ ಹಾಗೇ. ಭಾರ ಹಾಕಿದಾಗ ಮಾತ್ರ ಗೊತ್ತಾಗುವುದು. ಮೇ ತನಕ ಸರಿ ಇದ್ದದ್ದು ಸೋಣದಲ್ಲಿ ಮೋಸ ಮಾಡಿದ್ದು ಹೀಗೆ.

ಅಂಟಿಕೊಂಡವು ಬೇರೆ ಕಥೆ. ಅದು ಪಿಷ್ಟದ ಕೆಲಸ. ಪಿಷ್ಟ ತೇವವನ್ನು ಎಳೆದುಕೊಂಡು ಮೆತ್ತಗಾಗುತ್ತದೆ. ಮೇಲಿಂದ ಭಾರವೂ ಇದ್ದರೆ ಪದರ ಪದರ ಅಂಟುತ್ತದೆ. ಹಲಸಿನ ಹಪ್ಪಳದ ಡಬ್ಬದ ಮುಚ್ಚಳ ಆಟಿಯಲ್ಲಿ ಸಡಿಲ ಬಿಟ್ಟರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಅದೇ ಪಿಷ್ಟ ಬೇಸಿಗೆಯ ಒಣ ಗಾಳಿಯಲ್ಲಿ ತೇವ ಕಳೆದುಕೊಂಡು ಗರಿಗರಿಯಾಗುತ್ತದೆ. ಆಗ ಮಡಿಚಿದ ಗೆರೆಯಲ್ಲೇ ಸೀಳುತ್ತದೆ. ಬರೀ ಒಣಗಿ ಗಡಸಾದ ತೊಟ್ಟೆಯನ್ನು ಒಂದು ದಿನ ನೆರಳಿನಲ್ಲಿ, ಮಾಮೂಲಿ ಗಾಳಿಯಲ್ಲಿ ಬಿಡಿಸಿಟ್ಟರೆ ಮತ್ತೆ ಮೆದುವಾಗುವುದುಂಟು. ಕೊಂಡಿ ಕಳಚಿ ಸೋತದ್ದು ಮಾತ್ರ ಏನು ಮಾಡಿದರೂ ಸರಿಯಾಗುವುದಿಲ್ಲ.

ಈಗ ಬಾಳಿಕೆ. ತಯಾರಾದ ದಿನದಿಂದ ಸಾಮಾನ್ಯವಾಗಿ 9 ತಿಂಗಳಿಂದ 12 ತಿಂಗಳು ಅಂತ ಇಟ್ಟುಕೊಳ್ಳಿ. ದಪ್ಪದ ತೊಟ್ಟೆ, ಪಿಷ್ಟ ಕಡಿಮೆ ಇರುವ ತೊಟ್ಟೆ ಚೆನ್ನಾಗಿ ಇಟ್ಟರೆ ಒಂದೂವರೆ ವರ್ಷದ ತನಕ ಬರಬಹುದು. ತೀರಾ ತೆಳುವಿನದ್ದು ಆರು ತಿಂಗಳಲ್ಲೇ ಮುಗಿಯಬಹುದು. ಈ ಲೆಕ್ಕ ತಂಪಾದ, ಒಣಗಿದ, ಕತ್ತಲೆ ಜಾಗದಲ್ಲಿ ಇಟ್ಟದ್ದಕ್ಕೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲಿ ನಾನು ಯಾರಿಗೂ ಆರು ತಿಂಗಳಿಗಿಂತ ಮೇಲೆ ಲೆಕ್ಕ ಹಾಕಬೇಡಿ ಅಂತಲೇ ಹೇಳುತ್ತೇನೆ. ಜಾಸ್ತಿ ಬಂದರೆ ಲಾಭ, ಅಷ್ಟೇ.

'ತಯಾರಾದ ದಿನದಿಂದ' ಎಂಬ ಮಾತನ್ನು ಗಮನಿಸಿ. ನೀವು ಜನವರಿಯಲ್ಲಿ ಕೊಂಡಿರಿ, ಸರಿ. ಆದರೆ ಅದು ಯಾವಾಗ ತಯಾರಾಗಿತ್ತು? ಹಿಂದಿನ ಮಳೆಗಾಲವನ್ನು ಯಾರದೋ ಗೋದಾಮಿನಲ್ಲಿ ಕಳೆದು ಬಂದಿರಬಹುದು. ನಿಮ್ಮ ಕೈ ಸೇರುವಾಗಲೇ ಅರ್ಧ ಆಯುಷ್ಯ ಮುಗಿದಿರಬಹುದು. ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡುವ ಹಾಗೆ ಇದರ ತಾರೀಕನ್ನೂ ನೋಡಬೇಕು. ಕಟ್ಟಿನ ಮೇಲೆ ತಯಾರಿಕೆಯ ತಿಂಗಳು ಅಥವಾ ಬ್ಯಾಚ್ ನಂಬರ್ ಇಲ್ಲದಿದ್ದರೆ ಅಂಗಡಿಯವರಲ್ಲಿ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಬೇರೆ ಕಡೆ ಕೊಳ್ಳಿ. ಎರಡು ಮೂರು ತಿಂಗಳಿಗಿಂತ ಹಳೆಯದನ್ನು ಮಳೆಗಾಲಕ್ಕೆ ಅಂತ ತೆಗೆದುಕೊಳ್ಳಬೇಡಿ.

ಇಡುವ ಜಾಗದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನವರು ಸೋಲುವುದು ಇಲ್ಲೇ.

ತಗಡಿನ ಮಾಡಿನ ಕೋಣೆ ಬೇಡವೇ ಬೇಡ. ಏಪ್ರಿಲ್ ಮಧ್ಯಾಹ್ನ ಆ ತಗಡಿನ ಕೆಳಗೆ ನಿಂತರೆ ನಮಗೇ ಉಸಿರು ಕಟ್ಟುತ್ತದೆ. ಪಿಎಲ್‌ಎ 55ರಿಂದ 60 ಡಿಗ್ರಿಯಲ್ಲಿ ಮೆತ್ತಗಾಗುವ ವಸ್ತು. ಕೋಣೆ ಅಷ್ಟು ಬಿಸಿ ಆಗದಿದ್ದರೂ 40 ದಾಟಿದರೆ ಸಾಕು, ಆಯುಷ್ಯ ಕರಗಲು ಶುರು. ಕಾರಿನ ಡಿಕ್ಕಿ, ಪಿಕಪ್ಪಿನ ಹಿಂಬದಿ ಕೂಡ ಹಾಗೆಯೇ. ಅಡುಗೆಯವರು ಪಾತ್ರೆಗಳ ಜೊತೆ ಒಂದು ಕಟ್ಟು ತೊಟ್ಟೆಯನ್ನು ಗಾಡಿಯಲ್ಲೇ ಬಿಟ್ಟಿರುತ್ತಾರೆ. ಆ ಅಭ್ಯಾಸ ಬಿಟ್ಟುಬಿಡಿ.

ಅಡುಗೆ ಮನೆಯ ಅಟ್ಟವೂ ಬೇಡ. ಒಲೆಯ ಮೇಲಿನ ಅಟ್ಟ ಕೊಬ್ಬರಿಗೆ, ಬೀಜದ ಭತ್ತಕ್ಕೆ ಒಳ್ಳೆಯದು. ಅಲ್ಲಿ ಥಂಡಿ ಇಲ್ಲವಲ್ಲ ಅಂತ ನಾನೂ ಒಂದು ಮಳೆಗಾಲ ಒಂದು ಕಟ್ಟು ಇಟ್ಟು ನೋಡಿದ್ದೆ. ಥಂಡಿ ಇರಲಿಲ್ಲ, ನಿಜ. ಆದರೆ ಒಲೆಯ ಬಿಸಿ ಮತ್ತು ಅನ್ನ ಬೇಯುವ ಹಬೆ ಎರಡೂ ನೇರ ಮೇಲಕ್ಕೇ ಹೋಗುತ್ತವೆ. ಎರಡು ತಿಂಗಳಲ್ಲಿ ಆ ಕಟ್ಟಿನ ಹೊರ ಪದರದ ತೊಟ್ಟೆಗಳ ಅಡಿ ಹೊಲಿಗೆ ಕೈಯಲ್ಲೇ ಬಿಟ್ಟಿತು.

ಥಂಡಿ ಹಿಡಿಯಿತು ಅಂತ ಬಿಸಿಲಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅಡಿಕೆ, ಹಪ್ಪಳ, ಸಂಡಿಗೆ, ಹಾಸಿಗೆ ಎಲ್ಲದಕ್ಕೂ ಬಿಸಿಲೇ ಮದ್ದು. ಈ ತೊಟ್ಟೆಗೆ ಮಾತ್ರ ಬಿಸಿಲು ವಿಷ. ಬಿಸಿಲಿನ ಅತಿನೇರಳೆ ಕಿರಣ ಪಿಬಿಎಟಿಯ ಸರಪಳಿಗೆ ನೇರ ಪೆಟ್ಟು ಕೊಡುತ್ತದೆ, ತೊಟ್ಟೆ ಎಳೆಯುವ ಗುಣ ಕಳೆದುಕೊಳ್ಳುತ್ತದೆ. ಕಿಟಕಿಯ ಹತ್ತಿರ ಇಡುವುದೂ ತಪ್ಪು. ಅಂಗಡಿಯ ಎದುರು ಬಿಸಿಲಿಗೆ ತೂಗುಹಾಕಿದ ಕಟ್ಟನ್ನು ಕೊಳ್ಳುವುದೂ ತಪ್ಪು. ತೇವ ಹಿಡಿದರೆ ನೆರಳಿನಲ್ಲಿ, ಫ್ಯಾನಿನ ಕೆಳಗೆ ಆರಿಸಿ.

ಹಾಗಾದರೆ ಎಲ್ಲಿ? ಹಂಚಿನ ಮನೆಯ ಒಳಕೋಣೆ, ಅಥವಾ ಕಾಂಕ್ರೀಟು ಮನೆಯ ಕೆಳ ಅಂತಸ್ತಿನಲ್ಲಿ ಬಿಸಿಲು ತಾಗದ ಗೋಡೆಯ ಬದಿಯ ಕಪಾಟು. ನೆಲಕ್ಕೆ ತಾಗದ ಹಾಗೆ ಮಣೆಯ ಮೇಲೆ. ಗೋಡೆಗೆ ಒತ್ತಿ ಇಡಬೇಡಿ, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾಗೇ ಬಿಡಬೇಡಿ. ರಟ್ಟು ತೇವ ಹೀರಿ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಗೆದ್ದಲಿಗೂ ಅದು ಇಷ್ಟ.

ಅತ್ಯುತ್ತಮ ಅಂದರೆ ಬಿಗಿ ಮುಚ್ಚಳದ ಡ್ರಮ್. ಅಕ್ಕಿ ತುಂಬಿಡುತ್ತೀರಲ್ಲ, ಅಂಥದ್ದೇ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಒಣ ಹವೆಯ ದಿನ ನೋಡಿ ಡ್ರಮ್ ಒರೆಸಿ, ಆರಿಸಿ, ತೊಟ್ಟೆಗಳನ್ನು ಅದರೊಳಗೆ ಹಾಕಿ. ಐವತ್ತೈವತ್ತರ ಸಣ್ಣ ಕಟ್ಟು ಮಾಡಿ, ಒಂದೊಂದು ಕಟ್ಟನ್ನೂ ದಪ್ಪದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿ. ಒಂದು ಕಟ್ಟು ತೆಗೆದಾಗ ಉಳಿದವಕ್ಕೆ ಗಾಳಿ ತಾಗಬಾರದು, ಅದಕ್ಕೆ ಈ ಸಣ್ಣ ಕಟ್ಟು. ಮಾತ್ರೆ ಬಾಟಲಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿದರೆ ಒಳ್ಳೆಯದು. ಅದರ ರಾಶಿ ಹಾಕುವುದು ಬೇಡ. ಪಿಷ್ಟ ಇರುವ ತೊಟ್ಟೆಗೆ ತೀರಾ ಒಣಗುವುದೂ ಆಗುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ. ಕಟ್ಟುಗಳನ್ನು ತುರುಕಬೇಡಿ, ಮೇಲೆ ಭಾರ ಹೇರಬೇಡಿ. ಡ್ರಮ್ಮಿಗೆ ತಾರೀಕು ಬರೆದ ಚೀಟಿ ಅಂಟಿಸಿ. ಮೊದಲು ಬಂದದ್ದು ಮೊದಲು ಖರ್ಚಾಗಲಿ.

ನಮ್ಮ ಕಡೆಯವರಿಗೇ ಹೇಳಬೇಕಾದ ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ತಂದ ಸುಣ್ಣ, ಮೈಲುತುತ್ತು ಹೆಚ್ಚಿನ ಮನೆಗಳಲ್ಲಿ ಇದೇ ಸಾಮಾನು ಕೋಣೆಯಲ್ಲಿ ಇರುತ್ತದೆ. ತೊಟ್ಟೆಯನ್ನು ಅದರ ಪಕ್ಕ ಇಡಬೇಡಿ. ಸುಣ್ಣದಂಥ ಕ್ಷಾರ ಈ ಸರಪಳಿಯ ಕೊಂಡಿಗಳನ್ನು ನೀರಿಗಿಂತ ಎಷ್ಟೋ ಬೇಗ ಬಿಡಿಸುತ್ತದೆ. ಸುಣ್ಣದ ಹುಡಿ ಬಿದ್ದು, ಮೇಲಿಂದ ಥಂಡಿ ತಾಗಿದರೆ ಆ ಜಾಗದಲ್ಲಿ ತೊಟ್ಟೆಯ ಗತಿ ಮುಗಿಯಿತು. ಯೂರಿಯಾ ಗೋಣಿಯ ಹತ್ತಿರವೂ ಬೇಡ, ಅದು ತೇವ ಎಳೆದುಕೊಂಡು ನೀರು ಬಿಡುವ ವಸ್ತು.

ಇನ್ನು ಸಮಾರಂಭಕ್ಕೆ ಒಯ್ಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ರತಿ ಕಟ್ಟಿನಿಂದ ಒಂದು ತೊಟ್ಟೆ ತೆಗೆಯಿರಿ. ಮಡಿಕೆ ಇದ್ದಲ್ಲಿ ಎರಡು ಕೈಯಿಂದ ನಿಧಾನ ಎಳೆಯಿರಿ. ಒಳ್ಳೆಯ ತೊಟ್ಟೆ ಮೊದಲು ಹಿಗ್ಗುತ್ತದೆ, ಆಮೇಲೆ ಹರಿಯುತ್ತದೆ. ಹಿಗ್ಗದೆ ಕಾಗದದ ಹಾಗೆ ಸೀಳಿದರೆ ಆ ಕಟ್ಟು ಭಾರಕ್ಕೆ ಆಗುವುದಿಲ್ಲ. ಆಮೇಲೆ ಸುಲಿದ ನಾಲ್ಕು ತೆಂಗಿನಕಾಯಿ ಹಾಕಿ ಹತ್ತು ನಿಮಿಷ ಮೊಳೆಗೆ ತೂಗುಹಾಕಿ. ಅಡಿಯ ಹೊಲಿಗೆ ಮೊದಲು ಸೋಲುವ ಜಾಗ, ಅದನ್ನು ನೋಡಿ. ಅಂದು ಈ ಪರೀಕ್ಷೆ ಮಾಡಿದ್ದರೆ ಗೃಹಪ್ರವೇಶದ ಅಂಗಳದಲ್ಲಿ ಆದದ್ದು ನಿಮ್ಮ ಮನೆಯ ಜಗಲಿಯಲ್ಲೇ ಗೊತ್ತಾಗುತ್ತಿತ್ತು.

ಅಸಲಿಯಾ ನಕಲಿಯಾ ಅಂತ ಕೇಳಿದಿರಿ. ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಉಪಾಯ ಹೇಳುತ್ತೇನೆ. ಉಗುರಿನಷ್ಟು ತುಂಡು ಕತ್ತರಿಸಿ. ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಹಾಕಿದ ನೀರಿಗೆ ಬಿಟ್ಟು, ಅಂಟಿದ ಗಾಳಿಗುಳ್ಳೆ ಹೋಗುವ ಹಾಗೆ ಬೆರಳಿನಿಂದ ಒತ್ತಿ. ಮಾಮೂಲಿ ಪಾಲಿಥೀನ್ ನೀರಿಗಿಂತ ಹಗುರ, ಮತ್ತೆ ಮೇಲೆ ಬಂದು ತೇಲುತ್ತದೆ. ಪಿಎಲ್‌ಎ, ಪಿಬಿಎಟಿ ನೀರಿಗಿಂತ ಸುಮಾರು ಕಾಲು ಪಾಲು ಹೆಚ್ಚು ಭಾರ, ಮುಳುಗುತ್ತದೆ. ತೇಲಿದರೆ ಅನುಮಾನ ಪಡಿ. ಆದರೆ ಮುಳುಗಿತು ಅಂತ ಪೂರ್ತಿ ನಂಬಬೇಡಿ. ಸುಣ್ಣಕಲ್ಲಿನ ಹುಡಿ ಬೆರೆಸಿದ ಪಾಲಿಥೀನ್ ಕೂಡ ಮುಳುಗಬಹುದು. ಸುಟ್ಟು ನೋಡುವ ಪರೀಕ್ಷೆ ಯಾರಾದರೂ ಹೇಳಿದರೆ ಮಾಡಬೇಡಿ, ಆ ಹೊಗೆ ನಿಮ್ಮ ಎದೆಗೆ ಒಳ್ಳೆಯದಲ್ಲ.

ಕಾಗದದ ಸಾಕ್ಷಿಯೂ ಇರಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಕಾಂಪೋಸ್ಟೆಬಲ್ ಚೀಲ ಮಾಡುವವರು, ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕು. ತೊಟ್ಟೆಯ ಮೇಲೆ ತಯಾರಕರ ಹೆಸರು, ಪ್ರಮಾಣಪತ್ರದ ನಂಬರ್, ಐಎಸ್/ಐಎಸ್‌ಒ 17088 ಎಂಬ ಗುರುತು ಇದೆಯಾ ನೋಡಿ. ಸುಮ್ನೆ ಎಲೆಯ ಚಿತ್ರ, 'ಇಕೋ', 'ಗ್ರೀನ್' ಅಂತ ಬರೆದದ್ದಕ್ಕೆ ಬೆಲೆ ಇಲ್ಲ. 'ಆಕ್ಸೋ' ಅಂತ ಬರೆದಿದ್ದರೆ ಮುಟ್ಟಲೇಬೇಡಿ. ಅದು ಮಾಮೂಲಿ ಪ್ಲಾಸ್ಟಿಕ್ಕೇ. ಬೇಗ ಹುಡಿಯಾಗಲು ಲೋಹದ ಲವಣ ಬೆರೆಸಿರುತ್ತಾರೆ. ಹುಡಿಯಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಅಂಥ ಸಾಮಾನುಗಳ ಮಾರಾಟವನ್ನು 2021ರ ಜುಲೈಯಿಂದ ನಿಲ್ಲಿಸಿದ್ದಾರೆ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದ ಮೇಲೆ ಯಾವ ಚೀಲ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಆದೇಶಗಳು ಬದಲಾಗುತ್ತಲೂ ಇರುತ್ತವೆ. ದೊಡ್ಡ ಮೊತ್ತಕ್ಕೆ ಕೊಳ್ಳುವ ಮುಂಚೆ ಪಂಚಾಯತಿನಲ್ಲಿ ಒಮ್ಮೆ ವಿಚಾರಿಸಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ತೋಟದ ಗುಂಡಿ. ಇಲ್ಲಿ ಹೆಚ್ಚಿನವರಿಗೆ ತಪ್ಪು ಕಲ್ಪನೆ ಇದೆ. ಆ 17088 ಗುರುತಿನ ಅರ್ಥ ಇದು: ಸುಮಾರು 58 ಡಿಗ್ರಿ ಬಿಸಿ ಇರುವ ಕಾಂಪೋಸ್ಟಿನಲ್ಲಿ 12 ವಾರದೊಳಗೆ ತೊಟ್ಟೆ ಚೂರಾಗಿ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪಾಲು 2 ಮಿಲಿಮೀಟರಿನ ಜರಡಿಯಲ್ಲಿ ಉಳಿಯಬಾರದು. 180 ದಿನದೊಳಗೆ ಅದರಲ್ಲಿರುವ ಇಂಗಾಲದ ನೂರಕ್ಕೆ 90 ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಇದು ದೊಡ್ಡ ಕಾಂಪೋಸ್ಟ್ ಘಟಕದ ಲೆಕ್ಕ. ನಮ್ಮ ತೋಟದ ಬದಿಯ ಗುಂಡಿ, ಅಂಗಳದ ಪೈಪ್ ಕಾಂಪೋಸ್ಟ್, ಬಕೆಟ್ಟಿನ ಗೊಬ್ಬರ ಯಾವುದೂ ಅಷ್ಟು ಬಿಸಿ ಆಗುವುದಿಲ್ಲ.

ತಣ್ಣಗಿನ ಮಣ್ಣಿನಲ್ಲಿ ಏನಾಗುತ್ತದೆ? ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಹೂತು ನೋಡಿ 2019ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ ಕಾಂಪೋಸ್ಟೆಬಲ್ ಚೀಲ ಸಮುದ್ರದ ನೀರಿನಲ್ಲಿ ಮೂರು ತಿಂಗಳೊಳಗೆ ಕಾಣೆಯಾಯಿತು. ಮಣ್ಣಿನಲ್ಲಿ ಹೂತದ್ದು 27 ತಿಂಗಳಾದ ಮೇಲೂ ಇತ್ತು. ಭಾರ ಹೊರುವ ಶಕ್ತಿ ಮಾತ್ರ ಹೋಗಿತ್ತು. ಅಲ್ಲಿಯ ಹವೆ ನಮ್ಮದಕ್ಕಿಂತ ತಂಪು, ಒಪ್ಪುತ್ತೇನೆ. ಆದರೂ ಹೂತ ಕೂಡಲೇ ಮಣ್ಣಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ತೋಡಿಗೆ ಎಸೆದರೂ ನಡೆಯುತ್ತದೆ ಎಂಬ ಮಾತಂತೂ ಯಾರ ಬಾಯಲ್ಲೂ ಬರಬಾರದು. ದನ ತಿಂದರೂ ತೊಂದರೆ ಇಲ್ಲ ಅಂತ ಮಾರುವವರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಎರೆಗೊಬ್ಬರದ ತೊಟ್ಟಿಗೂ ಹಾಕಬೇಡಿ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಮಡಲನ್ನು ಎರೆಹುಳದಿಂದ ಗೊಬ್ಬರ ಮಾಡುವ ಕ್ರಮ ತೋರಿಸಿಕೊಟ್ಟ ಮೇಲೆ ನಮ್ಮ ಅನೇಕ ತೋಟಗಳಲ್ಲಿ ಆ ತೊಟ್ಟಿ ಇದೆ. ಹುಳ ಬದುಕಬೇಕಾದರೆ ತೊಟ್ಟಿ ತಂಪಾಗಿರಬೇಕು. ತೊಟ್ಟೆ ಕರಗಬೇಕಾದರೆ ಬಿಸಿ ಬೇಕು. ಎರಡೂ ಒಂದೇ ಕಡೆ ಆಗುವುದಿಲ್ಲ.

ನಿಜ ಹೇಳಬೇಕಾದರೆ ನಿಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ತೊಟ್ಟೆ ಬೇಕಾಗಿಯೇ ಇಲ್ಲ. ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ ಇಂಥವನ್ನು ಗೋಣಿಯಲ್ಲೋ ದೊಡ್ಡ ಬುಟ್ಟಿಯಲ್ಲೋ ತುಂಬಿ ನೇರ ಗುಂಡಿಗೆ ಸುರಿಯಬಹುದು. ಸಾರು, ಪಾಯಸ, ಮೀನಿನ ಚೂರು ಇಂಥ ಒದ್ದೆ ಪದಾರ್ಥಕ್ಕೆ ಮಾತ್ರ ತೊಟ್ಟೆ ಇಟ್ಟುಕೊಳ್ಳಿ. ಅದನ್ನೂ ಬಕೆಟ್ಟಿನೊಳಗೆ ಹಾಸಿ, ಅಡಿಗೆ ಒಂದು ಹಿಡಿ ತರಗೆಲೆಯೋ ಪೇಪರೋ ಹಾಕಿ ಬಳಸಿ. ಬಿಸಿ ಗಂಜಿತಿಳಿ ಸುರಿಯಬೇಡಿ. ತುಂಬಿದ ತೊಟ್ಟೆಯನ್ನು ಎರಡು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಆಗ 10 ಕಿಲೋ ಒಟ್ಟಿಗೆ ತರುವ ಪ್ರಸಂಗವೇ ಬರುವುದಿಲ್ಲ. ಡಿಸೆಂಬರಿನಲ್ಲಿ 3 ಕಿಲೋ, ಮಾರ್ಚಿನಲ್ಲಿ 3 ಕಿಲೋ. ಮೇ ಕೊನೆಗೆ ಉಳಿದದ್ದು ಡ್ರಮ್ಮಿಗೆ. ಸೋಣಕ್ಕೆ ಬೇಕಾದದ್ದನ್ನು ಆಗಲೇ ಹೊಸತು ತನ್ನಿ. ಕಿಲೋಗೆ ನಾಲ್ಕು ಕಾಸು ಜಾಸ್ತಿ ಆಗಬಹುದು, ಆದರೆ ಎಸೆಯುವುದು ತಪ್ಪುತ್ತದೆ.

ಈಗ ಕೈಯಲ್ಲಿರುವ ಹಳೆಯ ತೊಟ್ಟೆಗಳು. ಎಳೆದಾಗ ಸ್ವಲ್ಪವಾದರೂ ಹಿಗ್ಗುವಂಥವನ್ನು ಎರಡೆರಡು ಸೇರಿಸಿ, ಮನೆಯ ಸಣ್ಣ ಬಕೆಟ್ಟಿಗೆ ಹಾಸಲು ಈ ತಿಂಗಳಲ್ಲೇ ಮುಗಿಸಿಬಿಡಿ. ಪೂರ್ತಿ ಸೋತವನ್ನು, ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಬೇರೆ ಪ್ಲಾಸ್ಟಿಕ್ಕಿನ ಜೊತೆ ಬೆರೆಸಿ ಕೊಡಬೇಡಿ. ಮರುಬಳಕೆಗೆ ಹೋಗುವ ಪಾಲಿಥೀನಿನಲ್ಲಿ ಇದು ಸೇರಿದರೆ ಅದರ ಗುಣವೂ ಕೆಡುತ್ತದೆ. ಬೇರೆಯೇ ಕಟ್ಟಿ, ಇದು ಇಂಥದ್ದು ಅಂತ ಹೇಳಿ ಅವರನ್ನೇ ಕೇಳಿ. ದನದ ಹಟ್ಟಿ ಇರುವ ಮನೆ ನಿಮ್ಮಲ್ಲಿ ಯಾರದ್ದಾದರೂ ಇದ್ದರೆ ಇನ್ನೊಂದು ದಾರಿ ಇದೆ. ಮಳೆ ಕಡಿಮೆಯಾದ ಮೇಲೆ ಹಸಿ ಸೆಗಣಿ, ಸೊಪ್ಪು, ತರಗೆಲೆ ಸೇರಿಸಿ ಎದೆ ಎತ್ತರದ ರಾಶಿ ಹಾಕಿ. ಅಗಲವೂ ಅಷ್ಟೇ ಇರಲಿ. ಅಂಥ ರಾಶಿಯ ಹೊಟ್ಟೆಯೊಳಗೆ ಕೈ ಇಡಲಾಗದಷ್ಟು ಬಿಸಿ ಬರುತ್ತದೆ. ತೊಟ್ಟೆಗಳನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ರಾಶಿಯ ನಡುವೆ ತೆಳ್ಳಗೆ ಹರಡಿ. ಒಂದೇ ಕಡೆ ಗುಡ್ಡೆ ಹಾಕಬೇಡಿ. ಎರಡು ವಾರಕ್ಕೊಮ್ಮೆ ರಾಶಿ ಮಗುಚಿ, ಒಣಗಿದರೆ ನೀರು ಚಿಮುಕಿಸಿ. ಆರು ತಿಂಗಳ ಮೇಲೆ ಗೊಬ್ಬರ ಜರಡಿ ಹಿಡಿಯಿರಿ, ಜರಡಿಯಲ್ಲಿ ಉಳಿದ ಚೂರುಗಳನ್ನು ತೋಟಕ್ಕೆ ಬಿಡದೆ ಮುಂದಿನ ರಾಶಿಯ ನಡುವಿಗೆ ಹಾಕಿ.